ಮಗನ ಆಟ, ಮನೆಯವರ ಕಳವಳ

ರಾತ್ರಿ ಒಂಬತ್ತು ಗಂಟೆ. ತಟ್ಟೆಗಳನ್ನು ಹಾಕಿ ಆಗಿದೆ. ಊಟಕ್ಕೆ ಎರಡು ಸಲ ಕರೆದಾಗಿದೆ. "ಇದೊಂದು ಆಟ ಮುಗಿಯಲಿ ಅಮ್ಮಾ, ಬಂದೆ" ಎಂಬ ಉತ್ತರವೂ ಎರಡು ಸಲ ಬಂದಾಗಿದೆ. ಮೂರನೆಯ ಸಲ ಕರೆಯುವ ವೇಳೆಗೆ ತಾಯಿಯ ದನಿ ಏರಿರುತ್ತದೆ, ಸಾರು ಆರಿರುತ್ತದೆ, ತಂದೆ ಎದ್ದು ಹೋಗಿ ಫೋನನ್ನು ಕಸಿದುಕೊಂಡಿರುತ್ತಾರೆ. ಅಂದಿನ ಊಟ ಯಾರಿಗೂ ರುಚಿಸುವುದಿಲ್ಲ. ಮಕ್ಕಳಿರುವ ಪಟ್ಟಣದ ಮನೆಗಳಲ್ಲಿ ಈ ಜಗಳ ಇಂದು ನಿತ್ಯದ ಮಾತಾಗಿದೆ.

ಗೋಲಿ, ಬುಗುರಿ, ಚಿಣ್ಣಿದಾಂಡುಗಳ ಕಾಲದಲ್ಲಿ ಮಕ್ಕಳ ಆಟದಿಂದ ಹಿರಿಯರಿಗೆ ತೊಂದರೆಯೇ ಇರಲಿಲ್ಲವೆಂದಲ್ಲ. ಆದರೆ ಆಗ ಕತ್ತಲೆಯೇ ಆಟಕ್ಕೆ ಗಡಿಯಾಗಿತ್ತು. ಗೋಲಿ ಕಣ್ಣಿಗೆ ಕಾಣದಂತಾದೊಡನೆ ಹುಡುಗ ತಾನಾಗಿಯೇ ಮನೆಗೆ ಬರುತ್ತಿದ್ದ. ಅವನು ಯಾರೊಡನೆ ಆಡುತ್ತಿದ್ದಾನೆ, ಗೆದ್ದನೆ, ಸೋತನೆ, ಹೊಡೆಸಿಕೊಂಡು ಅತ್ತನೆ ಎಂಬುದೆಲ್ಲ ಅಡಿಗೆಮನೆಯ ಕಿಟಕಿಯಿಂದಲೇ ತಿಳಿಯುತ್ತಿತ್ತು. ಅಂಗೈಯಗಲದ ಪರದೆಯ ಮೇಲಿನ ಆಟಕ್ಕೆ ಕತ್ತಲೆಯ ಹಂಗಿಲ್ಲ. ಅದನ್ನು ನೋಡಲು ಕಿಟಕಿಯೂ ಇಲ್ಲ. ತಾಯಿಗೆ ಕಾಣುವುದು ಬಗ್ಗಿದ ತಲೆ ಮಾತ್ರ. ಮಗ ಕಣ್ಣೆದುರಿಗೇ ಕುಳಿತಿದ್ದಾನೆ. ಆದರೆ ಎಲ್ಲಿದ್ದಾನೆ, ಯಾರ ಸಂಗಡ ಇದ್ದಾನೆ ಎಂಬುದು ತಿಳಿಯದು. ತಾಯಿತಂದೆಗಳ ಕಳವಳದ ಮೂಲವಿರುವುದು ಇಲ್ಲಿಯೇ.

ಈ ಪ್ರಶ್ನೆಗೆ ಉತ್ತರ ತಿಳಿಯದೆಯೇ ಮಗನನ್ನು ಕಳೆದುಕೊಂಡು, ಆಮೇಲೆ ಅದನ್ನು ತಿಳಿದುಕೊಂಡ ಸಂಸಾರವೊಂದು ನಾರ್ವೆ ದೇಶದಲ್ಲಿದೆ. ಅವರ ಕಥೆಯನ್ನು ಮಕ್ಕಳಿರುವವರೆಲ್ಲರೂ ಒಮ್ಮೆ ಕೇಳುವುದು ಒಳಿತು.

ಓಡಲಾರದ ಹುಡುಗ

ಮಾಟ್ಸ್ ಸ್ಟೀನ್ ಹುಟ್ಟಿದ್ದು ೧೯೮೯ರಲ್ಲಿ. ತಂದೆ ರಾಬರ್ಟ್, ತಾಯಿ ಟ್ರೂಡೆ. ಎಲ್ಲ ಮಕ್ಕಳಂತೆ ಆಡಿಕೊಂಡಿದ್ದ ಮಗು ಮೇಲಿಂದ ಮೇಲೆ ಬೀಳತೊಡಗಿದಾಗ ವೈದ್ಯರು ಪರೀಕ್ಷಿಸಿ, ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಎಂಬ ವ್ಯಾಧಿಯನ್ನು ಗುರುತಿಸಿದರು. ಸ್ನಾಯುಗಳನ್ನು ಸವೆಯದಂತೆ ಕಾಪಾಡುವ ಒಂದು ಪ್ರೋಟೀನು ಈ ವ್ಯಾಧಿಯವರ ಶರೀರದಲ್ಲಿ ತಯಾರಾಗುವುದಿಲ್ಲ. ಬಹುಮಟ್ಟಿಗೆ ಗಂಡುಮಕ್ಕಳಿಗೇ ಬರುವ ಈ ರೋಗ ಮೊದಲು ಕಾಲುಗಳ ಶಕ್ತಿಯನ್ನು ಹೀರುತ್ತದೆ, ಬಳಿಕ ತೋಳುಗಳದು, ಕೊನೆಗೆ ಹೃದಯ ಮತ್ತು ಶ್ವಾಸಕೋಶಗಳನ್ನು ಮುಟ್ಟುತ್ತದೆ. ಪೂರ್ಣವಾಗಿ ಗುಣಪಡಿಸುವ ಔಷಧ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಬೇರೆ ಹುಡುಗರು ಶಾಲೆಯ ಬಯಲಿನಲ್ಲಿ ಓಡುತ್ತಿದ್ದಾಗ ಮಾಟ್ಸ್ ಗಾಲಿಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದ. ಕಂಪ್ಯೂಟರಿನ ಆಟ ಅವನ ಕೈಗೆ ಬಂದದ್ದು ಈ ಕೊರತೆಯನ್ನು ಅಷ್ಟಿಷ್ಟು ತುಂಬಲೆಂದು. ವಯಸ್ಸು ಏರಿದಂತೆ ದೇಹ ಸೋಲುತ್ತ ಬಂತು, ಆಟದ ಹೊತ್ತು ಬೆಳೆಯುತ್ತ ಬಂತು. ೨೦೦೪ರ ಕೊನೆಯಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟದಲ್ಲಿ ಅವನು ಮುಳುಗಿಹೋದ. ದೇಶದೇಶಗಳ ಲಕ್ಷಾಂತರ ಜನ ಏಕಕಾಲದಲ್ಲಿ ಪ್ರವೇಶಿಸಿ, ಒಂದೊಂದು ಪಾತ್ರವನ್ನು ಧರಿಸಿ, ಕಾಡು ಕೋಟೆ ಪಟ್ಟಣಗಳಲ್ಲಿ ಅಲೆದಾಡಬಹುದಾದ ಕಲ್ಪಿತ ಜಗತ್ತು ಅದು.

ಹೆತ್ತವರಿಗೆ ಅದರ ಹೆಸರು ಗೊತ್ತಿತ್ತು. ಒಳಗೇನಿದೆ ಎಂಬುದು ಗೊತ್ತಿರಲಿಲ್ಲ. ಅವರ ಚಿಂತೆ ಎಲ್ಲ ತಾಯಿತಂದೆಗಳದೂ ಆಗಿತ್ತು: ಮಗ ರಾತ್ರಿಯನ್ನು ಹಗಲು ಮಾಡುತ್ತಿದ್ದಾನೆ, ವೇಳೆಗೆ ಸರಿಯಾಗಿ ಮಲಗುವುದಿಲ್ಲ. ಮಾಟ್ಸ್ ೨೦೧೪ರ ನವೆಂಬರ್ ತಿಂಗಳಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ, ತೀರಿಕೊಂಡ. ತಮ್ಮ ಮಗ ಸ್ನೇಹವನ್ನಾಗಲಿ ಪ್ರೇಮವನ್ನಾಗಲಿ ಕಾಣದೆ, ಯಾರ ಬಾಳಿಗೂ ಬೇಕಾದವನಾಗದೆ ಹೋದನಲ್ಲ ಎಂಬುದು ಮಗ ಹೋದ ದುಃಖಕ್ಕೆ ಸೇರಿದ ಇನ್ನೊಂದು ದುಃಖವಾಗಿತ್ತು.

ಬಂದ ಕಾಗದಗಳು

ಮಾಟ್ಸ್ ಅಂತರ್ಜಾಲದಲ್ಲಿ ದಿನಚರಿಯಂತಹ ಬರಹಗಳನ್ನು ಪ್ರಕಟಿಸುತ್ತಿದ್ದ. ಅದರ ಸಂಕೇತಪದವನ್ನು ತಂದೆಗೆ ತಿಳಿಸಿ ಹೋಗಿದ್ದ. ಯಾರಾದರೂ ಓದುವವರಿದ್ದರೆ ತಿಳಿಯಲೆಂದು ತಂದೆ ಅಲ್ಲಿ ಮಗನ ಮರಣವಾರ್ತೆಯನ್ನು ಹಾಕಿದರು. ಕೆಲವೇ ಹೊತ್ತಿನಲ್ಲಿ ಕಾಗದಗಳು ಬರತೊಡಗಿದವು. ಒಂದಲ್ಲ, ಎರಡಲ್ಲ; ಯೂರೋಪಿನ ನಾನಾ ದೇಶಗಳಿಂದ, ಆ ಮನೆಯವರು ಎಂದೂ ಹೆಸರು ಕೇಳದವರಿಂದ. ಪ್ರತಿಯೊಂದರಲ್ಲಿಯೂ ಮಾಟ್ಸ್ ತಮಗೆ ಏನಾಗಿದ್ದನೆಂಬ ವಿವರವಿತ್ತು.

ಆಟದೊಳಗೆ ಅವನ ಹೆಸರು ಇಬೆಲಿನ್. ಗಟ್ಟಿಮುಟ್ಟಾದ ದೇಹದ, ದಿನವೂ ತಪ್ಪದೆ ಓಡುವ, ಊರೂರು ತಿರುಗಿ ಜನರೊಡನೆ ಹರಟುವ ಪತ್ತೇದಾರನ ಪಾತ್ರ. 'ಸ್ಟಾರ್‌ಲೈಟ್' ಎಂಬ ಒಂದು ಕೂಟದ ಸದಸ್ಯನಾಗಿ ಅವನು ವರ್ಷಗಟ್ಟಲೆ ಅದೇ ಜನರೊಡನೆ ಒಡನಾಡಿದ್ದ. ಗೆಲ್ಲುವುದಕ್ಕಿಂತ ಮಾತನಾಡುವುದೇ ಅಲ್ಲಿ ಹೆಚ್ಚು ನಡೆಯುತ್ತಿತ್ತೆಂದು ತೋರುತ್ತದೆ.

ಅವನು ಮಾಡಿದ ಎರಡು ಕೆಲಸಗಳು ಹೆತ್ತವರ ಮನಸ್ಸನ್ನು ವಿಶೇಷವಾಗಿ ತಟ್ಟುವಂಥವು. ನೆದರ್ಲೆಂಡ್ಸಿನ ಹುಡುಗಿಯೊಬ್ಬಳು ಓದಿನಲ್ಲಿ ಹಿಂದೆ ಬಿದ್ದಳೆಂದು ಆಕೆಯ ತಾಯಿತಂದೆಗಳು ಕಂಪ್ಯೂಟರನ್ನು ಕಿತ್ತುಕೊಂಡಿದ್ದರು. ಆಟದಲ್ಲಿನ ಗೆಳೆಯರೇ ಆಕೆಯ ಗೆಳೆಯರಾದುದರಿಂದ ಹುಡುಗಿ ಒಂಟಿಯಾದಳು. ಮಾಟ್ಸ್ ಆಕೆಯ ಹೆತ್ತವರಿಗೆ ಕಾಗದ ಬರೆದು, ಮಗಳಿಗೆ ಆ ಆಟ ಏಕೆ ಬೇಕಾಗಿದೆಯೆಂಬುದನ್ನು ವಿವರಿಸಿದ. ಅದೇ ಕೂಟದಲ್ಲಿದ್ದ ಒಬ್ಬ ತಾಯಿಗೆ ಆಟಿಸಂ ಇರುವ ಮಗನಿದ್ದ. ಆಕೆಗೆ ಅವನೊಡನೆ ಮಾತು ಕೂಡುತ್ತಿರಲಿಲ್ಲ. ಮೊದಲು ಆಟದೊಳಗೆ ಮಗನಿಗೆ ಹತ್ತಿರವಾಗುವಂತೆ ಮಾಟ್ಸ್ ಆಕೆಗೆ ಸೂಚಿಸಿದ. ತಾಯಿಯೂ ಮಗನೂ ಹಾಗೆ ಆಟದೊಳಗೆ ಅಪ್ಪಿಕೊಂಡರು. ಮನೆಯಲ್ಲಿ ಅಪ್ಪಿಕೊಳ್ಳುವುದು ಅದಾದ ಮೇಲೆ ಸಾಧ್ಯವಾಯಿತು.

ಇಷ್ಟು ಮಾಡಿದ ಹುಡುಗ ತನ್ನ ವ್ಯಾಧಿಯನ್ನು ಮಾತ್ರ ಬಹುಕಾಲ ಆ ಗೆಳೆಯರಿಂದ ಮುಚ್ಚಿಟ್ಟಿದ್ದ. ಒಮ್ಮೊಮ್ಮೆ ಸಿಡುಕಿ, ಹತ್ತಿರದವರನ್ನು ನೋಯಿಸಿದ್ದೂ ಉಂಟು. ಅವನು ದೇವತಾಪುರುಷನಲ್ಲ, ನೋವುಂಡ ಒಬ್ಬ ಯುವಕ. ಅಂತ್ಯಸಂಸ್ಕಾರಕ್ಕೆ ಆ ಕೂಟದ ಕೆಲವರು ಹೊರದೇಶಗಳಿಂದ ಬಂದು ನಿಂತರು. ಇಂದಿಗೂ ವರ್ಷಕ್ಕೊಮ್ಮೆ ಅವನ ನೆನಪಿಗಾಗಿ ಅವರು ಆಟದೊಳಗೆ ಕೂಡಿ ಓಡುತ್ತಾರೆ. ಆಟದಲ್ಲಿ ಉಳಿದಿದ್ದ ಸಂಭಾಷಣೆಗಳ ದಾಖಲೆಯನ್ನೇ ಆಧಾರ ಮಾಡಿಕೊಂಡು ಬೆಂಜಮಿನ್ ರೀ ಎಂಬ ನಿರ್ದೇಶಕರು ತಯಾರಿಸಿದ ಚಿತ್ರ, 'ದಿ ರಿಮಾರ್ಕಬಲ್ ಲೈಫ್ ಆಫ್ ಇಬೆಲಿನ್', ೨೦೨೪ರಲ್ಲಿ ತೆರೆಕಂಡು ಈ ಕಥೆಯನ್ನು ಲೋಕಕ್ಕೆಲ್ಲ ತಿಳಿಸಿತು. ಮಗನ ಆ ಲೋಕದಲ್ಲಿ ತಾವು ಇನ್ನಷ್ಟು ಆಸಕ್ತಿ ತೋರಬೇಕಾಗಿತ್ತು, ತೋರದೆ ತಾವೇ ನಷ್ಟಕ್ಕೆ ಗುರಿಯಾದೆವು ಎಂದು ತಂದೆ ರಾಬರ್ಟ್ ಬಹಿರಂಗವಾಗಿ ಹೇಳಿಕೊಂಡಿದ್ದಾರೆ.

ಅದೇ ವರ್ಷ, ಬೆಂಗಳೂರಿನಲ್ಲಿ

ಹಾಗಾದರೆ ಮಕ್ಕಳು ಎಷ್ಟು ಹೊತ್ತು ಆಡಿದರೂ ಸರಿಯೆ? ಹಾಗೆಂದು ತಿಳಿಯುವುದು ದೊಡ್ಡ ತಪ್ಪಾದೀತು. ಮಾಟ್ಸನ ಶರೀರ ಅವನಿಗೆ ಬೇರೆ ದಾರಿಯನ್ನು ಉಳಿಸಿರಲಿಲ್ಲ. ಕೈಕಾಲು ಗಟ್ಟಿಯಿರುವ ಹನ್ನೆರಡರ ಹುಡುಗನ ಮಾತು ಬೇರೆ.

ಮಾಟ್ಸ್ ತೀರಿಕೊಂಡ ೨೦೧೪ನೆಯ ವರ್ಷವೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 'ಶಟ್ ಕ್ಲಿನಿಕ್' ಎಂಬ ವಿಶೇಷ ಚಿಕಿತ್ಸಾ ವಿಭಾಗ ಆರಂಭವಾಯಿತು. ಪರದೆಯನ್ನು ಬಿಟ್ಟಿರಲಾರದವರನ್ನೂ ಅವರಿಂದ ಕಂಗೆಟ್ಟ ಮನೆಯವರನ್ನೂ ಅಲ್ಲಿ ನೋಡುತ್ತಾರೆ. 'ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ಸೇವೆ' ಎಂಬುದು ಆ ಹೆಸರಿನ ತಾತ್ಪರ್ಯ. ಗುರಿಯಿರುವುದು ಬಳಕೆಯನ್ನು ಹದಕ್ಕೆ ತರುವುದರಲ್ಲಿಯೇ ಹೊರತು ಯಂತ್ರವನ್ನು ಎಸೆಯುವುದರಲ್ಲಿ ಅಲ್ಲ ಎಂಬುದು ಹೆಸರಿನಿಂದಲೇ ವ್ಯಕ್ತವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಅಂಗೀಕರಿಸಿ ೨೦೨೨ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ 'ಗೇಮಿಂಗ್ ಡಿಸಾರ್ಡರ್' ಎಂಬುದಕ್ಕೆ ಸ್ಥಾನ ದೊರೆತಿದೆ. ಅದಕ್ಕೆ ಹೇಳಿರುವ ಲಕ್ಷಣಗಳು ಮೂರು. ಆಟದ ಮೇಲೆ ತನ್ನ ಹಿಡಿತ ತಪ್ಪುವುದು ಮೊದಲನೆಯದು. ಊಟ, ನಿದ್ರೆ, ಓದು, ಇತರ ಆಸೆಗಳೆಲ್ಲವನ್ನೂ ಹಿಂದಿಕ್ಕಿ ಆಟವೇ ಮುಂದಾಗುವುದು ಎರಡನೆಯದು. ಹಾನಿ ಕಣ್ಣಿಗೆ ಕಾಣುತ್ತಿದ್ದರೂ ಬಿಡಲಾಗದಿರುವುದು ಮೂರನೆಯದು. ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಕಂಡುಬಂದು, ಬದುಕಿನ ಮುಖ್ಯ ವ್ಯವಹಾರಗಳು ಕೆಟ್ಟಿದ್ದರೆ ಮಾತ್ರ ಅದನ್ನು ರೋಗವೆನ್ನುತ್ತಾರೆ. ಬೇಸಿಗೆಯ ರಜೆಯಲ್ಲಿ ಎರಡು ವಾರ ಆಟಕ್ಕೆ ಅಂಟಿಕೊಂಡ ಹುಡುಗನನ್ನು ರೋಗಿಯೆಂದು ಕರೆಯಬೇಕಾಗಿಲ್ಲ. ಇಷ್ಟು ಗಂಟೆ ಆಡಿದರೆ ರೋಗ ಎಂಬ ಲೆಕ್ಕ ಈ ಲಕ್ಷಣಗಳಲ್ಲಿ ಎಲ್ಲಿಯೂ ಇಲ್ಲದಿರುವುದೂ ಗಮನಾರ್ಹ.

ನಡುವೆ ನಿಲ್ಲದ ಆಟ

ಮಕ್ಕಳು ಕರೆದೊಡನೆ ಏಳದಿರುವುದಕ್ಕೆ ಹಟವೊಂದೇ ಕಾರಣವಲ್ಲ. ಆಟದ ಕಟ್ಟೋಣವೂ ಕಾರಣ. ಪಬ್ಜಿಯಂತಹ ಆಟದಲ್ಲಿ ನೂರು ಜನ ಒಂದೇ ಕಣಕ್ಕೆ ಇಳಿಯುತ್ತಾರೆ. ಕೊನೆಯವರೆಗೆ ಉಳಿದವನು ಗೆದ್ದಂತೆ. ಒಂದು ಸುತ್ತು ಅರ್ಧ ಗಂಟೆಯವರೆಗೆ ನಡೆಯಬಹುದು. ಅದನ್ನು ನಡುವೆ ನಿಲ್ಲಿಸಿಡಲು ಬರುವುದಿಲ್ಲ. ಎದ್ದುಹೋದರೆ ತನ್ನ ಗುಂಪಿನವರನ್ನು ಕೈಬಿಟ್ಟಂತೆ. ಕ್ರಿಕೆಟ್ಟಿನಲ್ಲಿ ಓವರಿನ ನಡುವೆ ಚೆಂಡೆಸೆಯುವವನನ್ನು ಮನೆಗೆ ಕರೆದರೆ ಹೇಗೋ ಇದೂ ಹಾಗೆ.

ಇದರ ಜೊತೆಗೆ ಅಂಗಡಿಯೂ ಉಂಟು. ದಿನವೂ ತಪ್ಪದೆ ಬಂದವರಿಗೆ ಒಂದು ಬಹುಮಾನ; ಪಾತ್ರಕ್ಕೆ ತೊಡಿಸಲು ಹಣ ಕೊಟ್ಟು ಕೊಳ್ಳುವ ಉಡುಪು; ಒಳಗೇನಿದೆಯೆಂದು ತಿಳಿಯದೆ ಕೊಳ್ಳುವ ಪೆಟ್ಟಿಗೆ. ಈ ಪೆಟ್ಟಿಗೆಗಳು ಜೂಜಿನ ಕಾನೂನಿಗೆ ಒಳಪಡುತ್ತವೆಂದು ಬೆಲ್ಜಿಯಂ ದೇಶದ ಅಧಿಕಾರಿಗಳು ೨೦೧೮ರಲ್ಲಿಯೇ ಸಾರಿದರು. ಅಮೆರಿಕದಲ್ಲಿ 'ಫೋರ್ಟ್‌ನೈಟ್' ಆಟದ ಒಡೆತನದ ಸಂಸ್ಥೆಯು ಮಕ್ಕಳ ಖಾಸಗಿ ವಿವರಗಳ ಬಗ್ಗೆಯೂ ಅರಿಯದೆ ಆದ ಖರೀದಿಗಳ ಬಗ್ಗೆಯೂ ಬಂದ ಆರೋಪಗಳನ್ನು ಇತ್ಯರ್ಥಪಡಿಸಿಕೊಳ್ಳಲು ೨೦೨೨ರಲ್ಲಿ ಒಟ್ಟು ೫೨ ಕೋಟಿ ಡಾಲರು ತೆರಲು ಒಪ್ಪಿತು.

ಸರ್ಕಾರಗಳು ಸುಮ್ಮನೆ ಕುಳಿತಿಲ್ಲ. ಹದಿನಾರು ತುಂಬದವರು ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಆಡಕೂಡದೆಂದು ದಕ್ಷಿಣ ಕೊರಿಯಾ ೨೦೧೧ರಲ್ಲಿ ಕಾನೂನು ಮಾಡಿ, ಹತ್ತು ವರ್ಷ ಕಳೆದ ಮೇಲೆ ಅದನ್ನು ರದ್ದುಗೊಳಿಸಿತು. ಚೀನಾ ೨೦೨೧ರಲ್ಲಿ ಹದಿನೆಂಟರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಂದು ರಾತ್ರಿ ಎಂಟರಿಂದ ಒಂಬತ್ತರವರೆಗೆ ಮಾತ್ರ ಅನುಮತಿ ಎಂದಿತು. ಭಾರತ ೨೦೨೦ರ ಸೆಪ್ಟೆಂಬರಿನಲ್ಲಿ ಪಬ್ಜಿಯನ್ನು ನಿಷೇಧಿಸಿದಾಗ ಅನೇಕ ತಾಯಿತಂದೆಗಳು ನಿಟ್ಟುಸಿರು ಬಿಟ್ಟರು. ಆದರೆ ಆ ನಿಷೇಧಕ್ಕೆ ಕೊಟ್ಟ ಕಾರಣ ದೇಶದ ಭದ್ರತೆಯೇ ಹೊರತು ಮಕ್ಕಳ ಓದಲ್ಲ. ಮರುವರ್ಷವೇ ಆಟ ಬೇರೆ ಹೆಸರಿನಲ್ಲಿ ಮರಳಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಹಣವೊಡ್ಡಿ ಹಣ ಗೆಲ್ಲುವ ಅಂತರ್ಜಾಲದ ಆಟಗಳನ್ನು ನಿಷೇಧಿಸುತ್ತದೆ. ಅದು ಸಣ್ಣ ಕೆಲಸವಲ್ಲ. ಆದರೆ ರಾತ್ರಿ ಹನ್ನೊಂದಾದರೂ ಮಗ ಮಲಗಿಲ್ಲ ಎಂಬ ದೂರಿಗೆ ಅದರಲ್ಲಿ ಉತ್ತರವಿಲ್ಲ.

ಮನೆಯಲ್ಲಿ ಆಗಬೇಕಾದುದು

ಆ ಉತ್ತರವನ್ನು ಮನೆಯಲ್ಲಿಯೇ ಹುಡುಕಬೇಕು. ಮೊದಲ ಹೆಜ್ಜೆ ಬಹಳ ಸುಲಭ. ಆದುದರಿಂದಲೇ ಅನೇಕರು ಅದನ್ನು ಇಡುವುದಿಲ್ಲ. ಒಂದು ಭಾನುವಾರ ಅರ್ಧ ಗಂಟೆ ಮಗನ ಪಕ್ಕದಲ್ಲಿ ಕುಳಿತು ಆಟವನ್ನು ನೋಡಬೇಕು. ಅವನು ಒಪ್ಪಿದರೆ ಒಂದು ಕೈ ಆಡಿಯೂ ನೋಡಬೇಕು. ಸೋತು ನಗೆಗೀಡಾದರೆ ಇನ್ನೂ ಒಳ್ಳೆಯದು. ಜೊತೆಯಲ್ಲಿ ಆಡುವವರು ಶಾಲೆಯ ಗೆಳೆಯರೋ ಅಪರಿಚಿತರೋ, ಮಾತು ಎಂಥದು, ಹಣ ಕೇಳುವ ಜಾಗ ಯಾವುದು, ಸುತ್ತು ಮುಗಿಯುವುದು ಯಾವಾಗ ಎಂಬ ನಾಲ್ಕು ವಿಷಯಗಳು ಅಷ್ಟರಲ್ಲಿ ತಿಳಿದುಬರುತ್ತವೆ. ವಾರಗಟ್ಟಲೆ ಗದರಿದರೂ ಇವು ತಿಳಿಯುವುದಿಲ್ಲ.

ತಿಳಿದ ಮೇಲೆ ಕಟ್ಟುಪಾಡು ಮಾಡುವುದು ಸುಲಭ. ಊಟಕ್ಕೆ ಬಡಿಸುವ ಹೊತ್ತಿನಲ್ಲಿ ಕೂಗುವುದರ ಬದಲು ಹೊಸ ಸುತ್ತು ಶುರುವಾಗುವ ಮೊದಲೇ ಎಚ್ಚರಿಸಿದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ. ನಿದ್ರೆ, ಊಟ, ಶಾಲೆ, ಹೊರಗಿನ ಓಡಾಟ ಈ ನಾಲ್ಕಕ್ಕೆ ಆಟ ಕೈ ಹಾಕಕೂಡದು. ಉಳಿದ ಹೊತ್ತಿನ ಲೆಕ್ಕದಲ್ಲಿ ತುಸು ಉದಾರವಾಗಿರಬಹುದು. ಫೋನಿನಲ್ಲಿ ಹಣ ಪಾವತಿಸುವ ರಹಸ್ಯಸಂಖ್ಯೆ ಮಕ್ಕಳಿಗೆ ತಿಳಿಯದಿರುವುದು ಕ್ಷೇಮ. ರಾತ್ರಿ ಫೋನು ಮಲಗುವ ಕೋಣೆಯ ಹೊರಗಿರಲಿ. ತಂದೆಯ ಫೋನೂ ಅದರ ಪಕ್ಕದಲ್ಲಿಯೇ ಇದ್ದರೆ ಮಕ್ಕಳು ಆ ನಿಯಮವನ್ನು ನಿಯಮವೆಂದು ಒಪ್ಪುತ್ತಾರೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡವೆಂದೂ ಕಡಮೆಯಾದಷ್ಟು ಮೇಲೆಂದೂ ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಸಲಹೆ ಮಾಡಿದೆ. ಆ ವಯಸ್ಸಿನವರ ವಿಷಯದಲ್ಲಿ ಗಡಿಯಾರವನ್ನೇ ನಂಬುವುದು ಒಳಿತು. ಮೇಲೆ ಹೇಳಿದ ಮೂರು ಲಕ್ಷಣಗಳು ಬೇರೂರಿದಂತೆ ಕಂಡರೆ ಹೊಡೆತ ಬಡಿತಗಳಿಂದ ಪ್ರಯೋಜನವಿಲ್ಲ. ತಜ್ಞರಲ್ಲಿಗೆ ಹೋಗಲು ಸಂಕೋಚಪಡಬಾರದು.

ಹುಡುಗನೊಬ್ಬ ತಾನಾಗಿಯೇ ಓಡಿ ಬಂದು "ಅಪ್ಪಾ, ಇವತ್ತು ನಾನು ಏನು ಕಟ್ಟಿದೆ ನೋಡಿ" ಎಂದು ಪರದೆಯನ್ನು ಮುಂದೆ ಹಿಡಿಯುವ ವಯಸ್ಸು ಬಹಳ ಕಾಲ ಇರುವುದಿಲ್ಲ. "ಆಮೇಲೆ ನೋಡೋಣ" ಎಂಬ ಉತ್ತರ ನಾಲ್ಕಾರು ಸಲ ದೊರೆತರೆ ಅವನು ಕರೆಯುವುದನ್ನು ಬಿಡುತ್ತಾನೆ. ಬಾಗಿಲು ಮುಚ್ಚಿಕೊಳ್ಳುವುದು ಆಮೇಲಿನ ಮಾತು. ಅವನು ಕರೆದಾಗ ಕೈಯಲ್ಲಿರುವ ಪತ್ರಿಕೆಯನ್ನು ಬದಿಗಿಟ್ಟು ಹೋಗಿ ನೋಡುವುದರಿಂದ ಯಾವ ತಂದೆಗೂ ನಷ್ಟವಿಲ್ಲ.