ಮೂರು ಪೇಟೆ, ಮೂರು ನಡಿಗೆ

ಅಡಿಕೆ ಮಾರಿದ ದುಡ್ಡು ಕೈಗೆ ಬರುವ ಬೇಸಿಗೆಯಲ್ಲಿ ಸಾಗರದ ಸೊರಬ ರಸ್ತೆ, ಜೋಗ ರಸ್ತೆಗಳ ಅಂಚಿಗೆ ಕೆಂಪು ಮಣ್ಣು ಮಗುಚಿ ಬಿದ್ದಿರುತ್ತದೆ. ಮೊನ್ನೆವರೆಗೆ ಗದ್ದೆಯಾಗಿದ್ದಲ್ಲಿ ಕಲ್ಲು ನೆಟ್ಟು, ಸುಣ್ಣ ಬಳಿದು, ಮೂವತ್ತು–ನಲವತ್ತರ ಸೈಟುಗಳಿಗೆ ನಂಬರು ಬರೆದಿದ್ದಾರೆ. ನೋಡಬಂದವರ ಮೊದಲ ಪ್ರಶ್ನೆ ರೇಟಿನದಲ್ಲ: “ಅಲಿನೇಷನ್ ಆಗಿದ್ಯಾ? ಇ-ಖಾತೆ ಸಿಗ್ತದಾ?” 2011ರ ಜನಗಣತಿಯಲ್ಲೇ ಅರ್ಧ ಲಕ್ಷ ದಾಟಿದ ಊರು, ನಗರಸಭೆಯಿದೆ, ರೈಲು ಬರುತ್ತದೆ. ಮಕ್ಕಳನ್ನು ಬೆಂಗಳೂರಿಗೆ ಕಳಿಸಿ ತೋಟದ ಮನೆಯಲ್ಲಿ ಇಬ್ಬರೇ ಉಳಿದ ಹಿರಿಯರು ಆಸ್ಪತ್ರೆ ಹತ್ತಿರವಿರಲಿ ಎಂದು ಬರುವುದೂ ಇಲ್ಲಿಗೇ. ಕಾಗದ ಸರಿಯಿದ್ದ ಸೈಟು ಬಹಳ ದಿನ ಉಳಿಯುವುದಿಲ್ಲ. ಕಟ್ಟಿದ ಮನೆ ಮಾತ್ರ ಕಾಯುತ್ತದೆ. ಬರುವವರಿಗೆ ಬಾವಿ ಬೇಕು, ವಾಸ್ತು ಬೇಕು. ಪೇಟೆಗೆ ಬಂದ ಮೇಲೂ ಅಡಿಕೆ ಒಣಗಿಸಲೊಂದು ತಾರಸಿ ಬೇಕು!

ತೀರ್ಥಹಳ್ಳಿಯಲ್ಲಿ ಇಷ್ಟು ಆಯ್ಕೆಯೇ ಇಲ್ಲ. ಒಂದು ಕಡೆ ತುಂಗೆ, ಉಳಿದ ಕಡೆ ಗುಡ್ಡ, ತೋಟ. ಮಾರುವ ಮನೆಗೆ ಬೋರ್ಡು ತೂಗುವ ಮೊದಲೇ ಮಾತು ಮುಗಿದಿರುತ್ತದೆ, ಹೆಚ್ಚಾಗಿ ಯಾರದೋ ಮದುವೆ ಊಟದ ಪಂಕ್ತಿಯಲ್ಲಿ. ಪೇಟೆಯಲ್ಲಿ ಸಿಗದವರು ಸೇತುವೆ ದಾಟಿ ಕುರುವಳ್ಳಿ ಕಡೆ ನೋಡುತ್ತಾರೆ.

ಹೊಸನಗರಕ್ಕೆ ಬಂದರೆ ಎಲ್ಲ ನಿಧಾನ. ಪಟ್ಟಣ ಪಂಚಾಯಿತಿಯ ಸಣ್ಣ ಊರು. ಸುತ್ತಲ ಹಳ್ಳಿಗಳಲ್ಲಿ ಬೀಗ ಬಿದ್ದ ದೊಡ್ಡ ಮನೆಗಳು. ಮಾರುವವರಿದ್ದಾರೆ, ಕೊಳ್ಳುವವರಿಲ್ಲ. ತೋಟಕ್ಕೆ ಗಿರಾಕಿ ಸಿಕ್ಕರೂ “ಮನೆ ನಮಗೆ ಬೇಡ” ಅನ್ನುತ್ತಾರೆ. ಆಗ ಮರದ ವ್ಯಾಪಾರಿ ಬರುತ್ತಾನೆ. ಚಪ್ಪಲಿ ಬಿಟ್ಟು ಜಗಲಿ ಹತ್ತಿ, ಕಂಬಕ್ಕೆ ಗೆಣ್ಣಿನಿಂದ ಕುಟ್ಟಿ ಸದ್ದು ಕೇಳುತ್ತಾನೆ. ಬುಡದಲ್ಲಿ ಬೈಕಿನ ಕೀಲಿಯಿಂದ ಕೆರೆದು ಗೆದ್ದಲು ಹಿಡಿದಿದೆಯೇ ನೋಡುತ್ತಾನೆ. ಹಲಸಿನ ಕಂಬಕ್ಕೊಂದು ಬೆಲೆ, ಬೀಟೆಯ ಬಾಗಿಲಿಗೊಂದು, ಮುಚ್ಚಿಗೆಯ ಹಲಗೆಗೊಂದು, ಹಂಚಿಗೆ ಎಣಿಕೆಯ ಲೆಕ್ಕ. ಮನೆಯಾಗಿ ವರ್ಷಗಟ್ಟಲೆ ಮಾರಾಟವಾಗದ್ದು ಮರವಾಗಿ ವಾರದೊಳಗೆ ಲಾರಿ ಹತ್ತುತ್ತದೆ. ಎಲ್ಲೋ ಒಂದು ರೆಸಾರ್ಟಿನ ಮುಂಬಾಗಿಲಲ್ಲಿ ಅದೇ ಕಂಬ ಮತ್ತೆ ನಿಲ್ಲುತ್ತದೆ. ಅಲ್ಲಿ ಫೋಟೊ ತೆಗೆಸಿಕೊಳ್ಳಲು ಜನ ದುಡ್ಡು ಕೊಡುತ್ತಾರೆ ಎಂಬುದು ಮನೆ ಕಟ್ಟಿಸಿದವರಿಗೆ ಗೊತ್ತಾಗದಿರುವುದೇ ಒಳ್ಳೆಯದು.

ಮಾರಾಟ ನಿಲ್ಲಲು ಗಿರಾಕಿಯ ಕೊರತೆಯೊಂದೇ ಕಾರಣವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರದ ಊರುಗಳು ಮುಳುಗಿದವು. ಎದ್ದು ಹೋದವರಿಗೆ ಕೊಟ್ಟ ನೆಲದ ಎಷ್ಟೋ ಪಾಲಿಗೆ ಹಕ್ಕುಪತ್ರದ ತಕರಾರು ಇನ್ನೂ ತೀರಿಲ್ಲ. ಅಂಥ ನೆಲದ ಮೇಲಿನ ಮನೆಯಲ್ಲಿ ಬಾಳಬಹುದು, ಮಾರಲಾಗದು. 2025ರ ಜುಲೈ 14ರಂದು ಅದೇ ಅಣೆಕಟ್ಟಿನ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆದ ನಂತರ ತುಮರಿ ಕಡೆಗೂ “ಹಿನ್ನೀರು ಕಾಣುವ ಜಾಗ ಇದ್ಯಾ?” ಎಂದು ಕೇಳುವವರ ಕಾರುಗಳು ಹೋಗುತ್ತಿವೆ. ಜಾಗ ತೋರಿಸುವುದು ಸುಲಭ, ಕಾಗದ ತೋರಿಸುವುದು ಕಷ್ಟ.

ಆಷಾಢ ಹಿಡಿದರೆ ಮೂರೂ ಪೇಟೆಯಲ್ಲಿ ವ್ಯಾಪಾರ ಮಂದ. ಕೊಳ್ಳುವ ಮನಸ್ಸಿದ್ದವರು ಆಗಲೇ ಬನ್ನಿ. ಗೋಡೆ ಎಲ್ಲಿಯವರೆಗೆ ಶೀತ ಹಿಡಿದಿದೆ, ಮನೆ ದಾರಿ ಎಲ್ಲಿ ಕೊಚ್ಚಿದೆ, ಕಣ್ಣಾರೆ ನೋಡಿ. ಮುಂಗಡ ಕೊಡುವ ಮೊದಲು ತಾಲ್ಲೂಕು ಕಚೇರಿಯಲ್ಲಿ ಮೂಲ ಮಂಜೂರಾತಿಯ ಕಡತ ತೆಗೆಸಿ ಓದಿ, ಪಹಣಿಯೊಂದೇ ಸಾಲದು.