ಆಮ್‌ಸ್ಟರ್‌ಡ್ಯಾಮಿನ ಪೇಟಿ ಮಾಸ್ತರ

ಹುಬ್ಬಳ್ಳಿ ಧಾರವಾಡಗಳ ನಡುವಿನ ನಮ್ಮ ರಾಯಾಪುರದಲ್ಲಿ ಭಜನೆಗೆ ಕುಳಿತವರು ಎಡಗೈಯಿಂದ ಪೇಟಿಯ ತಿದಿಯೊತ್ತುತ್ತ ಬಲಗೈಯನ್ನು ಕರಿಬಿಳಿ ಮನೆಗಳ ಮೇಲೆ ಆಡಿಸುವುದನ್ನು ಕಂಡಾಗಲೆಲ್ಲ, ನಾಲ್ಕು ಶತಮಾನಗಳ ಹಿಂದೆ ಆಮ್‌ಸ್ಟರ್‌ಡ್ಯಾಮಿನ ಹಳೆಯ ಚರ್ಚಿನಲ್ಲಿ ಇದೇ ಗಾಳಿಯನ್ನು ನಾದವಾಗಿಸುತ್ತ ಬಾಳು ಸವೆಸಿದ ಯಾನ್ ಪೀಟರ್ಸೋನ್ ಸ್ವೇಲಿಂಕನು ನನಗೆ ನೆನಪಾಗುತ್ತಾನೆ. ಪೇಟಿಯಲ್ಲಿ ಗಾಳಿಯು ಹಿತ್ತಾಳೆಯ ನಾಲಗೆಗಳನ್ನು ಮಿಡಿಸಿದರೆ, ಆರ್ಗನ್ನಿನಲ್ಲಿ ಅದು ಗೇಣುದ್ದದಿಂದ ಹಿಡಿದು ಆಳೆತ್ತರವನ್ನು ಮೀರಿದ ಕೊಳವೆಗಳೊಳಗೆ ನುಗ್ಗಿ ನುಡಿಯುತ್ತದೆ. ಆ ಕಾಲದಲ್ಲಿ ತಿದಿಯೊತ್ತಲು ಬೇರೆ ಆಳುಗಳೇ ಬೇಕಾಗಿದ್ದರು, ವಾದಕನ ಕೈಗಳಿಗೂ ಕಾಲುಗಳಿಗೂ ಬೇರೆ ಕೆಲಸವಿತ್ತು.

1562ರಲ್ಲಿ ಡೆವೆಂಟರಿನಲ್ಲಿ ಜನಿಸಿ, ಆ ಚರ್ಚಿನಲ್ಲಿಯೇ ವಾದಕನಾಗಿದ್ದ ತಂದೆಯನ್ನು ಬಾಲ್ಯದಲ್ಲಿ ಕಳೆದುಕೊಂಡು, ತಾಯಿಯ ಮನೆತನದ ಹೆಸರನ್ನು ಧರಿಸಿದ ಈತನು, ಹರೆಯದಲ್ಲಿಯೇ ತಂದೆಯ ಸ್ಥಾನಕ್ಕೆ ಬಂದು 1621ರ ಅಕ್ಟೋಬರ್ 16ರಂದು ಕಾಲವಶನಾಗುವ ತನಕ ಅದನ್ನು ತೊರೆಯಲಿಲ್ಲ. 1604ರಲ್ಲಿ ನಗರಕ್ಕೊಂದು ಹಾರ್ಪ್ಸಿಕಾರ್ಡ್ ಕೊಂಡುತರಲು ಆಂಟ್‌ವರ್ಪಿಗೆ ಹೋದುದೇ ಅವನ ದೊಡ್ಡ ಪ್ರವಾಸವೆನ್ನಬೇಕು. 1578ರಲ್ಲಿ ನಗರವು ಕ್ಯಾಲ್ವಿನ್ ಮತಾನುಯಾಯಿಗಳ ವಶವಾಗಿ, ಆರಾಧನೆಯ ವೇಳೆ ಆರ್ಗನ್ ಮೌನವಹಿಸತಕ್ಕದ್ದೆಂದಾಯಿತು. ಆದರೆ ವಾದ್ಯವು ನಗರಸಭೆಯ ಸೊತ್ತು, ಸಂಬಳ ಕೊಡುವುದೂ ನಗರಸಭೆಯೇ. ಆದುದರಿಂದ ಆರಾಧನೆಯ ಮುನ್ನ ಮತ್ತು ಅನಂತರ ಅವನು ಯಥೇಚ್ಛವಾಗಿ ನುಡಿಸಿದನು. ನಮ್ಮ ಆಕಾಶವಾಣಿಯು 1940ರಿಂದ ಮೂರು ದಶಕಗಳ ಕಾಲ ಪೇಟಿಯನ್ನು ಹೊರಗಿಟ್ಟಿದ್ದಾಗಲೂ ಅದು ನಾಟಕ ಕಂಪನಿಗಳಲ್ಲಿಯೂ ಮಠಗಳಲ್ಲಿಯೂ ನಿಶ್ಚಿಂತೆಯಾಗಿ ನುಡಿಯುತ್ತಿತ್ತಲ್ಲವೆ?

ಅವನ ವಾದ್ಯಕೃತಿಗಳಲ್ಲಿ ಕ್ರೊಮ್ಯಾಟಿಕ್ ಫ್ಯಾಂಟಸಿಯನ್ನು ಧಾರವಾಡದ ಕಿವಿಗೆ ತಿಳಿಸಿಹೇಳುವುದು ಕಷ್ಟವಲ್ಲ. ತಾರ ಷಡ್ಜದಿಂದ ಹೊರಟು ಶುದ್ಧ ನಿಷಾದ, ಕೋಮಲ ನಿಷಾದ, ಶುದ್ಧ ಧೈವತ, ಕೋಮಲ ಧೈವತಗಳ ಮೇಲೆ ಒಂದೊಂದೇ ಮೆಟ್ಟಿಲಿಳಿದು ಪಂಚಮದಲ್ಲಿ ನಿಲ್ಲುವ ಆರು ಸ್ವರಗಳ ಒಂದು ಪಲುಕು; ಕೃತಿಯೆಲ್ಲ ಅದರ ಬಢತ್ತೇ. ಒಂದು ಧ್ವನಿಯು ಆ ಇಳಿತವನ್ನು ಆರಂಭಿಸಿದೊಡನೆ ಮತ್ತೊಂದು ಅದನ್ನು ಅನುಕರಿಸುತ್ತ ಬರುತ್ತದೆ. ಮುಂದೆ ಅದೇ ಪಲುಕು ವಿಲಂಬಿತವಾಗಿ ಎರಡು ಪಟ್ಟು, ನಾಲ್ಕು ಪಟ್ಟು ಹಿಗ್ಗಿ, ಸುತ್ತಲೂ ತಾನಿನಂತಹ ಸ್ವರಾವಳಿಗಳು ಧಾವಿಸುತ್ತಿರಲು ಗಂಭೀರವಾಗಿ ನಡೆಯುತ್ತದೆ. ಕಡೆಗೆ ಕುಗ್ಗಿ, ದ್ರುತಗತಿಗೇರುತ್ತದೆ. ಒಂದೇ ವ್ಯತ್ಯಾಸವೆಂದರೆ, ನಮ್ಮಲ್ಲಿ ಒಬ್ಬ ಗಾಯಕನ ಕಂಠದಲ್ಲಿ ಒಂದಾದ ಮೇಲೊಂದು ನಡೆಯುವುದು ಇಲ್ಲಿ ನಾಲ್ಕು ಧ್ವನಿಗಳಲ್ಲಿ ಏಕಕಾಲಕ್ಕೆ ನಡೆಯುತ್ತದೆ. ಮೊದಲ ಸಲ ಕೇಳಿದವರಿಗೆ ಇದು ಗದ್ದಲವೆನಿಸಿದರೆ ನಾನು ಆಕ್ಷೇಪಿಸಲಾರೆ. ಮೂರನೆಯ ಸಲ ಕೇಳಬೇಕು.

ಬೈಬಲಿನ 150 ಕೀರ್ತನೆಗಳಿಗೂ ಅವನು ಕಟ್ಟಿದ ಬಹುಕಂಠದ ಸಂಗೀತವು 1604ರಿಂದ 1621ರವರೆಗೆ ನಾಲ್ಕು ಸಂಪುಟಗಳಲ್ಲಿ ಅಚ್ಚಾಯಿತು. ವಿಚಿತ್ರವೆಂದರೆ ವಾದ್ಯಕೃತಿಗಳಲ್ಲೊಂದೂ ಅವನ ಜೀವಿತಕಾಲದಲ್ಲಿ ಮುದ್ರಣ ಕಾಣಲಿಲ್ಲ. ಇಂದು ಉಳಿದಿರುವ ಸುಮಾರು ಎಪ್ಪತ್ತು ಕೃತಿಗಳು ಬಹುಮಟ್ಟಿಗೆ ಶಿಷ್ಯರು ಮತ್ತು ಅಭಿಮಾನಿಗಳು ನಕಲು ಮಾಡಿಕೊಂಡ ಹಸ್ತಪ್ರತಿಗಳ ಪುಣ್ಯ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಕುಂದಗೋಳದ ಸವಾಯಿ ಗಂಧರ್ವರಲ್ಲಿಗೆ ಪಾಠಕ್ಕೆ ಹೋಗುತ್ತಿದ್ದಂತೆ, ಜರ್ಮನಿಯಿಂದ ಸ್ಯಾಮುವೆಲ್ ಶೈಟ್, ಯಾಕೊಬ್ ಪ್ರೆಟೋರಿಯಸ್, ಹೈನ್ರಿಶ್ ಶೈಡೆಮಾನ್ ಮುಂತಾದ ತರುಣರು ಊರು ಬಿಡದ ಈ ಗುರುವನ್ನರಸಿ ಬಂದರು. ಶೈಡೆಮಾನನ ಶಿಷ್ಯನಾದ ರೈನ್ಕೆನ್ ಎಂಬ ವೃದ್ಧನೇ 1720ರಲ್ಲಿ ಹ್ಯಾಂಬರ್ಗಿನಲ್ಲಿ ಬಾಖನ ವಾದನವನ್ನು ಕೇಳಿ ತಲೆದೂಗಿದವನು.

ಸ್ವೇಲಿಂಕನ ದೇಹವನ್ನು ಅವನು ನುಡಿಸಿದ ಚರ್ಚಿನೊಳಗೇ ಹೂಳಿದರು. ಮಗ ಡಿರ್ಕನು ಆ ಪೀಠವನ್ನೇರಿದನು. ಎರಡು ತಿಂಗಳು ಕಳೆದು, ಡಿಸೆಂಬರ್ 15ರಂದು, ಸ್ವದೇಶವನ್ನು ತೊರೆದು ಆಂಟ್‌ವರ್ಪಿನಲ್ಲಿ ನೆಲೆಸಿದ್ದ ಇಂಗ್ಲಿಷ್ ವಾದಕ ಜಾನ್ ಬುಲ್ಲನು ಸ್ವೇಲಿಂಕನದೊಂದು ಪಲುಕನ್ನೆತ್ತಿಕೊಂಡು ತನ್ನದೊಂದು ಫ್ಯಾಂಟಸಿಯನ್ನು ಬರೆದು ಮುಗಿಸಿದನು.