ಗೋಣಿಯೊಳಗಿನ ನೂರು ಕಾಳು

ರೋಹಿಣಿ ಮಳೆ ನಾಲ್ಕು ಹನಿ ಉದುರಿಸಿ ಹೋದ ಮರುದಿನ ಚಿಂತಾಕಿಯಲ್ಲಿ ನಿಂತರೆ ಮೊದಲು ಮೂಗಿಗೆ ಬರುವುದು ಎರೆಮಣ್ಣಿನ ಹಸಿ ವಾಸನೆ. ರೈತ ಸಂಪರ್ಕ ಕೇಂದ್ರದ ಹೊಸ್ತಿಲು ದಾಟಿದೊಡನೆ ಬೀಜಕ್ಕೆ ಸವರಿದ ಔಷಧಿಯ ಘಾಟು ಅದನ್ನು ಹಿಂದಕ್ಕೆ ತಳ್ಳುತ್ತದೆ. ಧೋತರದವರು, ಪ್ಯಾಂಟಿನವರು, ತಲೆಮೇಲೆ ಸೆರಗು ಹೊದ್ದ ಹೆಂಗಸರು, ಎಲ್ಲರ ಕೈಯಲ್ಲೂ ಬೆವರಿಗೆ ಮೆತ್ತಗಾದ ಪಹಣಿ, ಆಧಾರ್ ಪ್ರತಿ. ಒಂದು ಬದಿಗೆ ಮಹಾರಾಷ್ಟ್ರ, ಇನ್ನೊಂದು ಬದಿಗೆ ತೆಲಂಗಾಣ ತಾಗಿರುವ ಔರಾದ ತಾಲ್ಲೂಕಿದು. ಸಾಲಿನಲ್ಲಿ ಕನ್ನಡದ ಜೊತೆ ಮರಾಠಿ, ತೆಲುಗು, ದಖ್ಖನಿ ಎಲ್ಲವೂ ಕಿವಿಗೆ ಬೀಳುತ್ತವೆ. ಮಾತು ಮಾತ್ರ ಒಂದೇ, ಸೋಯಾ ಬೀಜದ್ದು.

2000ನೇ ಇಸವಿಯಲ್ಲಿ ಹೋಬಳಿಗೊಂದರಂತೆ ತೆರೆದ ಈ ಕೇಂದ್ರಗಳಿಗೆ ಜನ ಹೆಚ್ಚಾಗಿ ಬರುವುದು ಸಬ್ಸಿಡಿ ಚೀಲಕ್ಕೆ. ಆದರೆ ಚೀಲಕ್ಕಿಂತ ಬೆಲೆಯುಳ್ಳದ್ದು ಇಲ್ಲಿ ಬಾಯಿಮಾತಿನಲ್ಲಿ ಸಿಗುತ್ತದೆ ಎಂದು ನನಗನ್ನಿಸುತ್ತದೆ.

"ಕಾಕಾ, ಮನ್ಯಾಗ ಬೀಜ ಅದಾವಂತೀರಿ. ಮೊಳಕಿ ನೋಡೀರೇನು?"

"ಹೋದ ವರ್ಷ ಛಲೋ ಬಂದಾವಲ್ರೀ."

ಸಿಬ್ಬಂದಿಯ ಹುಡುಗ ಮೇಜಿನಡಿಯಿಂದ ಒದ್ದೆ ಗೋಣಿಯ ಸುರುಳಿಯೊಂದನ್ನು ಎತ್ತಿ ನೆಲದ ಮೇಲೆ ಬಿಚ್ಚುತ್ತಾನೆ. ಹತ್ತತ್ತು ಕಾಳಿನ ಹತ್ತು ಸಾಲು. ಕೆಲವು ಬಿಳಿ ಬೇರು ಚಾಚಿವೆ, ಕೆಲವು ಊದಿಕೊಂಡು ಲೋಳೆಯಾಗಿ ಹುಳಿ ವಾಸನೆ ಬಿಡುತ್ತಿವೆ. ಸುತ್ತ ಮುಗಿಬಿದ್ದವರು ತಾವೇ ಬೆರಳಿಟ್ಟು ಎಣಿಸುತ್ತಾರೆ. ನೂರಕ್ಕೆ 70 ಮೊಳೆತರೆ ಬಿತ್ತಬಹುದು, ಎಕರೆಗೆ 30 ಕಿಲೋ ಸಾಕು. 60 ಬಂದರೆ 35 ಕಿಲೋ ಹಾಕಬೇಕು. ಅದಕ್ಕೂ ತೀರಾ ಕೆಳಗಿಳಿದರೆ ಆ ಬೀಜದ ಆಸೆ ಬಿಡುವುದೇ ಲೇಸು.

ಸೋಯಾ ಕಾಳಿನ ಸಿಪ್ಪೆ ಬಹಳ ತೆಳು. ರಾಶಿ ಯಂತ್ರದ ಹೊಡೆತ, ಲಾರಿಯಿಂದ ದೊಪ್ಪೆಂದು ಎಸೆದ ಚೀಲ, ಗೋಡೆಗೆ ಒತ್ತಿ ಎತ್ತರಕ್ಕೆ ಪೇರಿಸಿದ ಒಟ್ಟಿಲು, ಇಷ್ಟರಲ್ಲೇ ಒಳಗಿನ ಮೊಳೆ ಸಾಯುತ್ತದೆ. ಹೊರಗೆ ಕಾಳು ಹೊಳೆಯುತ್ತಲೇ ಇರುತ್ತದೆ. ಕಣ್ಣನ್ನು ನಂಬಿ ಬಿತ್ತಿದವರ ಹೊಲದಲ್ಲಿ ಸಾಲು ಬೋಳಾಗುವುದು ಹೀಗೆ. ಜೋಪಾನ ಮಾಡಿದರೆ ಮಾತ್ರ ಮನೆಯ ಬೀಜ ಮೋಸ ಮಾಡದು. ಸೋಯಾ ತನ್ನ ಹೂವಿನಲ್ಲೇ ಪರಾಗ ಕಟ್ಟಿಕೊಳ್ಳುವ ಬೆಳೆ, ತಳಿ ಬೇಗ ಕೆಡುವುದಿಲ್ಲ. ಪ್ರತಿವರ್ಷ ಸಾಲ ಮಾಡಿ ಚೀಲ ಕೊಳ್ಳುವ ಮನೆಗಳಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೇನು ಬೇಕು?

ಹುಡುಗ ಈಗ ತಾಡಪಾಲಿನ ಮೇಲೆ ಕಾಳು ಹರವಿ ಬೆಲ್ಲದ ನೀರು ಚಿಮುಕಿಸುತ್ತಾನೆ. ಕಪ್ಪು ಪುಡಿಯ ರೈಜೋಬಿಯಂ ಉದುರಿಸಿ, ಅಂಗೈಯಲ್ಲಿ ಮೆಲ್ಲಗೆ ಹೊರಳಿಸಿ, ನೆರಳಿಗೆ ಎಳೆಯುತ್ತಾನೆ. ಬಿಸಿಲಿಗೆ ಆ ಜೀವಾಣು ಉಳಿಯದು. ರೋಗದ ಔಷಧಿ ಹಚ್ಚುವುದಿದ್ದರೆ ಮೊದಲು ಅದು, ಇದು ಕಡೆಗೆ. ಜನವಾಡದ ಕೃಷಿ ವಿಜ್ಞಾನ ಕೇಂದ್ರದವರು ಹೇಳುವುದೂ ಇದೇ ಕ್ರಮವನ್ನು.

"ಮಿರಗದ ಮಳಿ ಹೊಕ್ಕ ಕೂಡ್ಲೆ ಕೂರಿಗಿ ಹೂಡ್ಲೇನ್ರಿ?" ಹಿಂದಿನಿಂದ ಒಬ್ಬಾಕೆಯ ದನಿ.

"ಬ್ಯಾಡವ್ವ. 75 ಮಿಲಿಮೀಟರರೆ ಮಳಿ ಬೀಳ್ಲಿ. ಬೀಜ ಎರಡು ಬೆರಳಿಗಿಂತ ಆಳ ಹೋಗಬಾರದು."

ಕಾಕಾ ಬೆರಳ ಗೆಣ್ಣಿನ ಮೇಲೆ ದಿನ ಎಣಿಸುತ್ತಾರೆ. ಸುರುಳಿ ಬಿಚ್ಚಲು ಐದಾರು ದಿನ ಬೇಕು, ಮಿರಗಕ್ಕೆ ಇನ್ನೂ ವಾರವಿದೆ. ಚೀಲದ ಸಾಲು ಬಿಟ್ಟು ರೈಜೋಬಿಯಂ ಪೊಟ್ಟಣವೊಂದನ್ನಷ್ಟೇ ಕೇಳಿ ಪಡೆದು, ಹಳೆಯ ಗೋಣಿ ಹುಡುಕಲು ಮನೆಯ ಹಾದಿ ಹಿಡಿಯುತ್ತಾರೆ.